ಬಿಸುವಿನಿಂದ ಪತ್ತನಾಜೆಯವರೆಗೆ: ಮಲ್ಲಿಗೆ ಚಟ್ಟಿಯೂ ಮನೆಯ ಕಂಪ್ಯೂಟರೂ

ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೊದಲ ವರ್ಷ ನಾನು ಎರಡು ತಪ್ಪು ಮಾಡಿದೆ. ಮಾರ್ಚ್ ತಿಂಗಳ ಬಿಸಿಲಲ್ಲಿ ಹನ್ನೊಂದು ಗಂಟೆಗೆ ಹಾರೆ ಹಿಡಿದು ಅಂಗಳಕ್ಕಿಳಿದೆ. ತಲೆ ಸುತ್ತಿ ಜಗಲಿಯಲ್ಲಿ ಮಲಗಬೇಕಾಯಿತು. ಇನ್ನೊಂದು, ಕಂಪ್ಯೂಟರ್ ಕೈಕೊಟ್ಟಾಗ ಒಂದೇ ದಿನ ಐದು ಕಡೆ ಕೈ ಹಾಕಿದೆ. ಅದು ಸರಿಯಾಯಿತು ನಿಜ. ಆದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗಲೇ ಇಲ್ಲ. ಹದಿನೈದು ದಿನಕ್ಕೆ ಮತ್ತೆ ಅದೇ ರಗಳೆ.

ಉಡುಪಿ ಪೇಟೆಯಿಂದ ಸ್ವಲ್ಪ ಹೊರಗೆ ನಮ್ಮ ಮನೆ. ಮುರಕಲ್ಲಿನ ಕಂಪೌಂಡು, ಒಂದು ಬಾವಿ, ಮೇಲೆ ಟೆರೇಸು, ಒಳಗೆ ಹಳೆಯ ಡೆಸ್ಕ್‌ಟಾಪು. ಪಂಚಾಂಗದಲ್ಲಿ ಇದು ವಸಂತ ಋತು. ನಮ್ಮ ಕರಾವಳಿಯಲ್ಲಿ ವಸಂತ ಅಂದರೆ ಬೆವರು, ಗೇರುಹಣ್ಣಿನ ವಾಸನೆ, ಬಾವಿಯ ತಳ ಕಾಣುವ ನೀರು, ಸಂಜೆಗೆ ಘಟ್ಟದ ಕಡೆಯಿಂದ ಗುಡುಗು. ಗಿಡಕ್ಕೂ ಕಂಪ್ಯೂಟರಿಗೂ ಮಾರ್ಚಿನಿಂದ ಮೇವರೆಗಿನ ಈ ಮೂರು ತಿಂಗಳು ಕಷ್ಟದ ಕಾಲ, ಮತ್ತು ಎರಡಕ್ಕೂ ಶತ್ರುಗಳು ಹೆಚ್ಚುಕಮ್ಮಿ ಅವೇ: ಬಿಸಿ, ಉಪ್ಪುಗಾಳಿ, ಇರುವೆ, ಸಿಡಿಲು. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ನನ್ನ ಹಾಗೆ ನಿವೃತ್ತರಾಗಿ ಕೈಗೆ ಕೆಲಸ ಹುಡುಕುತ್ತಿರುವವರಿಗೆ ಉಪಯೋಗವಾದೀತು.

ಮೊದಲು ಒಂದು ನೂರು ಪೇಜಿನ ಪುಸ್ತಕ

ತೋಟಕ್ಕೆ ಏನೂ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಕು, ಏನು ನೋಡಿದಿರಿ, ಏನು ಮಾಡಿದಿರಿ, ಇಷ್ಟೇ ಬರೆಯುವುದು. ಗಿಡದ್ದೂ ಕಂಪ್ಯೂಟರಿನದ್ದೂ ಒಂದೇ ಪುಸ್ತಕದಲ್ಲಿರಲಿ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಗೊಬ್ಬರ ಬದಲಿಸಿದ ದಿನ ಜಾಗ ಬದಲಿಸಬೇಡಿ. ಕೇಬಲ್ ಬದಲಿಸಿದ ದಿನ ಸಾಫ್ಟ್‌ವೇರ್ ತೆಗೆಯಬೇಡಿ.

ಇದರ ಬೆಲೆ ನನಗೆ ಗೊತ್ತಾದದ್ದು ಒಂದು ಏಪ್ರಿಲ್‌ನಲ್ಲಿ. ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿತ್ತು. ಅಂಗಡಿಯವರೊಬ್ಬರು ನೋಡಿ ಪವರ್ ಸಪ್ಲೈ ಬದಲಿಸಬೇಕು ಅಂದರು. ದುಡ್ಡು ಕೊಡುವ ಮೊದಲು ಪುಸ್ತಕ ತೆರೆದೆ. ಆಫ್ ಆದ ಹೊತ್ತು ಬರೆದಿಟ್ಟಿದ್ದೆ: 3.10, 3.25, 2.50. ಬೆಳಿಗ್ಗೆ ಒಮ್ಮೆಯೂ ಇಲ್ಲ. ಅದೇ ಪುಟದ ಮೇಲಿನ ಸಾಲಿನಲ್ಲಿತ್ತು: 'ಪಡು ಬದಿಯ ಕಿಟಕಿ ಹತ್ತಿರದ ಗುಳ್ಳದ ಗಿಡ ಮಧ್ಯಾಹ್ನದ ಮೇಲೆ ಬಾಡುತ್ತದೆ, ರಾತ್ರಿಗೆ ಸರಿಯಾಗುತ್ತದೆ.' ಕಿಟಕಿಯ ಹೊರಗೆ ಗುಳ್ಳದ (ನಮ್ಮ ಕಡೆಯ ಗುಂಡು ಬದನೆ) ಚಟ್ಟಿ, ಒಳಗೆ ಸಿಪಿಯು. ಇಬ್ಬರಿಗೂ ಒಂದೇ ಬಿಸಿಲು! ಪ್ರೊಸೆಸರ್ ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಮೇಜನ್ನು ಮೂಡು ಗೋಡೆಗೆ ಸರಿಸಿದೆ. ಬೇರೇನೂ ಮುಟ್ಟಲಿಲ್ಲ. ಆಮೇಲೆ ಒಮ್ಮೆಯೂ ಆಫ್ ಆಗಲಿಲ್ಲ. ಚಟ್ಟಿಗೆ ಮಾತ್ರ ಒಂದು ಹಳೆಯ ಲುಂಗಿಯನ್ನು ನೆರಳಿಗೆ ಕಟ್ಟಿದೆ.

ಹೊತ್ತು ಹಂಚಿಕೊಳ್ಳುವುದು

ಬೆಳಿಗ್ಗೆ ಆರರಿಂದ ಎಂಟೂವರೆ ತೋಟಕ್ಕೆ. ಹತ್ತರಿಂದ ಹನ್ನೆರಡು ಕಂಪ್ಯೂಟರಿಗೆ. ಮಧ್ಯಾಹ್ನ ಊಟ, ನಿದ್ದೆ, ಎರಡಕ್ಕೂ ರಜೆ. ಸಂಜೆ ಐದರ ಮೇಲೆ ನೀರು. ರಾತ್ರಿ ಬಯಲಾಟ ನೋಡಲು ಹೋಗುವುದಿದ್ದರೆ ಸಂಜೆಯೇ ಎಲ್ಲದಕ್ಕೂ ನೀರು ಹಾಕಿ ಹೋಗಿ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಮನೆಗೆ ಬಂದು ಕೊಡಪಾನ ಎತ್ತುತ್ತೇನೆ ಅನ್ನುವುದೆಲ್ಲ ಸುಮ್ನೆ.

ನೀರು ಮತ್ತು ಮಣ್ಣು

ಚಟ್ಟಿ ತುಂಬುವ ಮಣ್ಣಿಗೆ ನನ್ನ ಲೆಕ್ಕ ಹೀಗೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ, ಒಂದು ಪಾಲು ಸುಡುಮಣ್ಣು. ಸುಡುಮಣ್ಣು ನಮ್ಮ ಕಡೆಯ ಹಳೆಯ ಉಪಾಯ. ಒಣಗಿದ ಎಲೆ, ಕಡ್ಡಿಯ ಮೇಲೆ ಮಣ್ಣು ಹಾಕಿ ನಿಧಾನಕ್ಕೆ ಹೊಗೆಯಾಡಿಸಿ ಸುಡುವುದು. ಅಕ್ಕಪಕ್ಕದವರು ಬಟ್ಟೆ ಒಣಗಿಸಿರುವಾಗ ಮಾತ್ರ ಬೇಡ, ನನಗೆ ಅನುಭವ ಉಂಟು.

ಚಟ್ಟಿಯ ತಳಕ್ಕೆ ತೆಂಗಿನ ಸಿಪ್ಪೆ ಹಾಕಿ, ನಾರಿನ ಭಾಗ ಮೇಲೆ ಬರುವಂತೆ. ಒಂದೆರಡು ದಿನ ನೀರಲ್ಲಿ ನೆನೆಸಿ, ಆ ಕಂದು ನೀರು ಚೆಲ್ಲಿ, ಮತ್ತೆ ಹಾಕಿದರೆ ಒಳ್ಳೆಯದು. ಸಿಪ್ಪೆ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದೆಸಿ. ಇಷ್ಟು ಮಾಡಿದರೆ ದಿನಕ್ಕೆ ಎರಡು ಸಲ ಹಾಕುವ ನೀರು ಒಂದು ಸಲಕ್ಕೆ ಇಳಿಯುತ್ತದೆ. ನೀರು ಬೇಕೋ ಬೇಡವೋ ಅಂತ ನೋಡಲು ಯಂತ್ರ ಬೇಡ. ಎಲೆ ಸರಿಸಿ ತೋರುಬೆರಳನ್ನು ಎರಡು ಗೆಣ್ಣು ಒಳಗೆ ಹಾಕಿ. ತಂಪಾಗಿ ಮಣ್ಣು ಅಂಟಿದರೆ ಇವತ್ತು ಬೇಡ.

ಮಲ್ಪೆ, ಕಾಪು, ಉಳ್ಳಾಲದ ಹಾಗೆ ಸಮುದ್ರದ ಬದಿಯಲ್ಲಿರುವವರು ಒಂದು ಗಮನಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ಸಿಹಿನೀರು ಇಳಿದಾಗ ಉಪ್ಪುನೀರು ಒಳಗೆ ಬರುವುದುಂಟು. ಎಲೆಯ ಅಂಚು ಸುಟ್ಟ ಹಾಗೆ ಕಂದಾದರೆ, ಚಟ್ಟಿಯ ಹೊರಮೈಯಲ್ಲಿ ಬಿಳಿ ಪುಡಿ ಕಂಡರೆ ಗೊಬ್ಬರ ಕಡಿಮೆಯಾಯಿತು ಅಂತ ಇನ್ನಷ್ಟು ಸುರಿಯಬೇಡಿ. ಬಾವಿಯ ನೀರನ್ನು ಬಾಯಿಗೆ ಒಂದು ಹನಿ ಹಾಕಿ ನೋಡಿ. ಉಪ್ಪೆನಿಸಿದರೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಚಟ್ಟಿಗಳಿಗೆ ಎತ್ತಿಡಿ.

ಮಲ್ಲಿಗೆ

ಇದರ ಬಗ್ಗೆ ಜಾಸ್ತಿ ಹೇಳಿದರೆ ಕ್ಷಮಿಸಿ, ನನ್ನ ಟೆರೇಸಿನಲ್ಲಿ ಹದಿನಾಲ್ಕು ಚಟ್ಟಿ ಮಲ್ಲಿಗೆ ಉಂಟು. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕ (ಈ ಊರಿನದೇ ಬೆಳೆ ಅನ್ನುವ ಜಿಐ ಗುರುತು) ಇದೆ. ಶಂಕರಪುರ ಮಲ್ಲಿಗೆ ಅಂದರೂ ಇದೇ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಹೂ. ಒಂದು ಚೆಂಡು ನೀವೇ ಕೊಯ್ದು ಕಟ್ಟಿ ನೋಡಿ, ಆಮೇಲೆ ರಥಬೀದಿಯಲ್ಲಿ ಹೂವಿನವರ ಹತ್ತಿರ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಬಿಸಿಲು ಹೆಚ್ಚಿದಷ್ಟೂ ಹೂ ಹೆಚ್ಚು, ಆದ್ದರಿಂದ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗದಲ್ಲಿಡಿ. ಚಟ್ಟಿಯನ್ನು ನೇರ ಕಾಂಕ್ರೀಟಿನ ಮೇಲೆ ಇಡಬೇಡಿ. ಎರಡು ಇಟ್ಟಿಗೆ ಅಥವಾ ಹಂಚಿನ ಚೂರಿನ ಮೇಲಿಡಿ, ಇಲ್ಲದಿದ್ದರೆ ಬೇರು ಬೇಯುತ್ತದೆ.

ಗೊಬ್ಬರಕ್ಕೆ ನೆಲಗಡಲೆ ಹಿಂಡಿ. ಒಂದು ಮುಷ್ಟಿಯನ್ನು ಅರ್ಧ ಬಕೆಟ್ ನೀರಲ್ಲಿ ಮೂರು ದಿನ ನೆನೆಸಿಡಿ. ಮೇಲಿನ ತಿಳಿಯ ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಬಕೆಟ್ಟನ್ನು ಅಡುಗೆಮನೆಯ ಕಿಟಕಿಯಿಂದ ದೂರ ಇಡಿ. ಅದರ ವಾಸನೆಯ ಬಗ್ಗೆ ನಮ್ಮ ಮನೆಯವರು ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೊಯ್ಯುವುದು ಬಿಸಿಲೇರುವ ಮೊದಲು. ಬೆಳ್ಳಗೆ ತುಂಬಿಕೊಂಡು, ಇನ್ನೂ ಬಾಯಿ ಬಿಡದ ಮೊಗ್ಗು ಆರಿಸಿ. ತುದಿ ಹಸಿರಿದ್ದರೆ ನಾಳೆಗೆ ಬಿಡಿ. ತೊಟ್ಟನ್ನು ಉಗುರಿನಿಂದ ಚಿವುಟಿ, ಎಳೆದರೆ ಪಕ್ಕದ ಎಳೆ ಮೊಗ್ಗೂ ಬರುತ್ತದೆ. ಕಟ್ಟಲು ಬಾಳೆನಾರು, ಸ್ವಲ್ಪ ಒದ್ದೆ ಮಾಡಿಕೊಂಡು. ಮೊಗ್ಗಿಗೆ ತೂತು ಬಿದ್ದು ನೇರಳೆ ಬಣ್ಣಕ್ಕೆ ತಿರುಗಿದ್ದು ಕಂಡರೆ ಅದು ಮೊಗ್ಗು ಹುಳು. ಅಂಥವನ್ನು ಕೊಯ್ದು ಸುಟ್ಟುಬಿಡಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕೈದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಚೆನ್ನಾಗಿ ಕಲಕಿ ಸಂಜೆ ಹೊತ್ತು ಸಿಂಪಡಿಸಿ. ಹಗಲು ಸಿಂಪಡಿಸಿದರೆ ಎಲೆ ಸುಡುತ್ತದೆ.

ತರಕಾರಿ, ಮತ್ತು ಹೂವಿನ ಗಡಿಯಾರ

ಈ ಕಾಲಕ್ಕೆ ಹರಿವೆ, ಬಸಳೆ, ಬೆಂಡೆ, ಅಲಸಂಡೆ. ಹರಿವೆ ಬಿತ್ತಿ ತಿಂಗಳೊಳಗೆ ಸಾರಿಗೆ ಬರುತ್ತದೆ, ಹೊಸಬರಿಗೆ ಅದಕ್ಕಿಂತ ಒಳ್ಳೆಯ ಗಿಡ ಇಲ್ಲ. ಬಸಳೆಗೆ ಬೀಜ ಬೇಡ, ಪೇಟೆಯಿಂದ ತಂದ ದಂಟಿನಲ್ಲಿ ಒಂದು ಗೇಣು ಊರಿದರೆ ಸಾಕು. ಮಟ್ಟು ಗುಳ್ಳವನ್ನೂ ಬೆಳೆದೆ. ಕಾಯಿ ಬಂತು. ಮಟ್ಟುವಿನ ಮಣ್ಣಿನ ರುಚಿ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಬಳ್ಳಿ ತರಕಾರಿಯಲ್ಲಿ ಎಲ್ಲರೂ ಹೇಳುವ ದೂರು, 'ಹೂ ಬರುತ್ತದೆ, ಕಾಯಿ ಉದುರುತ್ತದೆ.' ಟೆರೇಸಿನ ಮೇಲೆ ಜೇನುನೊಣ ಕಡಿಮೆ, ಅದೇ ಕಾರಣ ಇರಬಹುದು. ಕೈಯಲ್ಲೇ ಮಾಡಿ. ಕುಂಬಳದ ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಗಂಡು ಹೂ ಸಪೂರ ತೊಟ್ಟಿನ ಮೇಲೆ ನಿಂತಿರುತ್ತದೆ. ಬೆಳಿಗ್ಗೆ ಏಳರ ಒಳಗೆ ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿ. ಒಂದು ಗಂಡು ಹೂ ಎರಡು ಹೆಣ್ಣಿಗೆ ಸಾಕು. ಹತ್ತು ಗಂಟೆಗೆ ಹೋದರೆ ಹೂ ಮುಚ್ಚಿ ಆಗಿರುತ್ತದೆ.

ಹೀರೆ, ಸೋರೆಗೆ ಬೆಳಿಗ್ಗೆ ಹೋಗಿ ಪ್ರಯೋಜನ ಇಲ್ಲ, ಅವು ಅರಳುವುದು ಸಂಜೆ. ನಾನು ಒಂದು ಇಡೀ ಮಾರ್ಚ್ ತಿಂಗಳು ಬೆಳಿಗ್ಗೆ ಬಣ್ಣದ ಬ್ರಷ್ ಹಿಡಿದು ಹೀರೆ ಚಪ್ಪರದ ಅಡಿ ನಿಂತು, ಬಾಡಿದ ಹೂವಿಗೆ ಉಜ್ಜಿದ್ದೆ. ಸಂಜೆ ದೀಪ ಇಡುವ ಹೊತ್ತಿಗೆ ಒಮ್ಮೆ ನೋಡಿದ್ದರೆ ಅರ್ಥವಾಗುತ್ತಿತ್ತು, ಅಲ್ವಾ?

ಕಂಪ್ಯೂಟರ್ ಆನ್ ಆಗದಿದ್ದರೆ

ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ಈ ಕ್ರಮದಲ್ಲಿ ನೋಡಿ. ಕ್ರಮ ತಪ್ಪಿಸಬೇಡಿ, ಪ್ರತಿ ಹಂತದ ನಂತರ ಒಮ್ಮೆ ಆನ್ ಮಾಡಿ ನೋಡಿ.

1. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ. ಚಾರ್ಜ್ ಆಗದಿದ್ದರೆ ಕಂಪ್ಯೂಟರಿನ ತಪ್ಪಲ್ಲ.

2. ಮಾನಿಟರಿನ ಕೇಬಲನ್ನು ಎರಡೂ ತುದಿಯಲ್ಲಿ ತೆಗೆದು ಗಟ್ಟಿಯಾಗಿ ಹಾಕಿ. ಕಸ ಗುಡಿಸುವಾಗ ಸಡಿಲವಾಗಿರುತ್ತದೆ.

3. ಪ್ಲಗ್ ತೆಗೆದು, ಪವರ್ ಬಟನನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚೂರು ವಿದ್ಯುತ್ ಖಾಲಿಯಾಗುತ್ತದೆ.

4. ಪೆನ್ ಡ್ರೈವ್, ಪ್ರಿಂಟರ್ ಎಲ್ಲ ತೆಗೆದು ಬರೀ ಕೀಬೋರ್ಡ್, ಮಾನಿಟರ್ ಇಟ್ಟು ನೋಡಿ.

5. ಆಮೇಲೆ ಮುಚ್ಚಳ ತೆಗೆಯುವುದು.

ಐದನೆಯದಕ್ಕೆ ಹೆದರಬೇಡಿ. ಪ್ಲಗ್ ಪೂರ್ತಿ ತೆಗೆದಿರಬೇಕು, ಅಷ್ಟೇ. ಸಿಪಿಯುವನ್ನು ಬೆಳಕಿರುವ ಕಡೆ ಅಡ್ಡ ಮಲಗಿಸಿ, ಎಡಬದಿಯ ಹಿಂದಿನ ಎರಡು ಸ್ಕ್ರೂ ಬಿಚ್ಚಿ, ತಗಡನ್ನು ಹಿಂದಕ್ಕೆ ಜಾರಿಸಿ. ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ ಇಳಿಯಲಿ. ಪವರ್ ಸಪ್ಲೈ ಅನ್ನುವ ಪುಟ್ಟ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಉಳಿದಿರುತ್ತದೆ.

ಮೊದಲ ಸಲ ತೆಗೆದಾಗ ನನಗೆ ಕಂಡದ್ದು ಹೇಳುತ್ತೇನೆ. ಫ್ಯಾನಿನ ರೆಕ್ಕೆಗೆ ಬೂದಿಬಣ್ಣದ ಕಂಬಳಿ ಹೊದೆಸಿದ ಹಾಗೆ ಧೂಳು. ಕೆಳಗಿನ ಮೂಲೆಯಲ್ಲಿ ಸಣ್ಣ ಕಪ್ಪಿರುವೆಗಳ ಸಾಲು, ಬಾಯಲ್ಲಿ ಬಿಳಿ ಮೊಟ್ಟೆ. ಪವರ್ ಸಪ್ಲೈ ಪಕ್ಕದ ಸಂದಿಯಲ್ಲಿ, ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಎರಡು ಬಿಳಿ ಗುಂಡು. ಹಲ್ಲಿ ಮೊಟ್ಟೆ! ಬೆಚ್ಚಗಿನ ಜಾಗ, ಯಾರೂ ಬರುವುದಿಲ್ಲ, ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಎಲ್ಲಿ ಸಿಗುತ್ತದೆ? ಹಿಂಬದಿಯಲ್ಲಿ ಕಾರ್ಡ್ ಇಲ್ಲದ ಕಡೆ ತಗಡಿನ ಪಟ್ಟಿ ಬಿದ್ದುಹೋಗಿತ್ತು, ಅದೇ ಅವರ ಬಾಗಿಲು. ಮೊಟ್ಟೆಗಳನ್ನು ಕಾಗದದಲ್ಲಿ ಎತ್ತಿ ಹೊರಗೆ ಕಲ್ಲಿನ ಸಂದಿಯಲ್ಲಿಟ್ಟು, ಆ ಬಾಗಿಲಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದೆ. ಗಾಳಿ ಆಡಬೇಕು, ಆದ್ದರಿಂದ ಟೇಪಿನಿಂದ ಪೂರ್ತಿ ಮುಚ್ಚಬೇಡಿ. ಇರುವೆಗೆ ಸ್ಪ್ರೇ ಒಳಗೆ ಹೊಡೆಯಲೇಬೇಡಿ. ಮೇಜಿನ ಕಾಲಿಗೆ ವ್ಯಾಸಲೀನ್ ಸವರಿ, ಮೇಜಿನ ಮೇಲೆ ಚಕ್ಕುಲಿ ತಿನ್ನುವುದು ನಿಲ್ಲಿಸಿ. ನನಗೆ ಎರಡನೆಯದು ಕಷ್ಟವಾಯಿತು.

ಧೂಳಿಗೆ ಒಂದಿಂಚಿನ ಹೊಸ ಪೈಂಟ್ ಬ್ರಷ್, ಸೈಕಲ್ ಪಂಪು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಗಾಳಿ ಹೊಡೆಯಿರಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳು.

ಇನ್ನು ರ‍್ಯಾಮ್. ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ ಅದು. ನಮ್ಮ ಉಪ್ಪುಗಾಳಿಗೆ ಅದರ ಲೋಹದ ತುದಿಗಳು ಬೇಗ ಮಾಸುತ್ತವೆ. ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಸದ್ದು: ಬಹಳ ಸಲ ಇದೇ ಕಾರಣ. ಎರಡು ಬದಿಯ ಕ್ಲಿಪ್ ಒತ್ತಿದರೆ ಉದ್ದನೆಯ ಪಟ್ಟಿ ಮೇಲೆ ಬರುತ್ತದೆ. ಅದರ ಹೊಂಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ನನ್ನ ಯಂತ್ರಕ್ಕೆ ಒಮ್ಮೆ 'ಮದರ್‌ಬೋರ್ಡ್ ಹೋಗಿದೆ' ಅಂತ ಇನ್ನೊಂದು ಅಂಗಡಿಯಲ್ಲಿ ತೀರ್ಪಾಗಿತ್ತು. ಐದು ರೂಪಾಯಿಯ ರಬ್ಬರಿಗೆ ಸರಿಯಾಯಿತು.

ದಿನಾ ತಾರೀಕು ತಪ್ಪು ತೋರಿಸಿದರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಸಿಆರ್ 2032 ಅನ್ನುವುದೇ, 3 ವೋಲ್ಟಿನದು. ತಾರೀಕು ತಪ್ಪಾದರೆ ಬ್ಯಾಂಕಿನ ವೆಬ್‌ಸೈಟುಗಳೂ ತೆರೆಯಲು ಹಠ ಮಾಡುತ್ತವೆ.

ನಿಧಾನವಾದರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ತೆರೆಯುವ ಪಟ್ಟಿಯಲ್ಲಿ ಡಿಸ್ಕ್ ಅನ್ನುವ ಕಡೆ ಬಹಳ ಹೊತ್ತು 100% ಇದ್ದರೆ, ನಿಮ್ಮದು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಎಸ್‌ಎಸ್‌ಡಿ ಹಾಕಿಸಿ. ಅದು ತಿರುಗುವ ಭಾಗವೇ ಇಲ್ಲದ, ಬೇಗ ಕೆಲಸ ಮಾಡುವ ಡಿಸ್ಕ್. ಹಳೆಯ ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆಯ ಖರ್ಚು ನನಗೆ ಕಂಡಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ವಿಂಡೋಸ್ 11 ತೆಗೆದುಕೊಳ್ಳದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ವ್ಯವಸ್ಥೆ ಹಾಕಿಸಬಹುದು. ನಾನು ಹಾಕಿದ್ದೇನೆ. ಕನ್ನಡ ಟೈಪಿಂಗ್, ಪೇಪರ್ ಓದುವುದು, ಮೊಮ್ಮಕ್ಕಳ ಜೊತೆ ವಿಡಿಯೋ ಮಾತು, ಎಲ್ಲ ನಡೆಯುತ್ತದೆ.

ಪರದೆ ತುಂಬ ಕೆಂಪು ಬಣ್ಣ ಬಂದು 'ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ' ಅಂದರೆ ಕರೆ ಮಾಡಬೇಡಿ, ಕಿಟಕಿ ಮುಚ್ಚಿ, ಮುಚ್ಚದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ. ಫೋನಿನಲ್ಲಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದರೂ ಇಟ್ಟುಬಿಡಿ, ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲ. ದುಡ್ಡು ಹೋಗಿಯೇ ಬಿಟ್ಟರೆ ನಾಚಿಕೆ ಪಡುತ್ತಾ ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಗುಡುಗು ಶುರುವಾದ ಮೇಲೆ

ಬಿಸು (ಏಪ್ರಿಲ್ ನಡುವೆ ಬರುವ ತುಳುವರ ಹೊಸ ವರ್ಷ) ಕಳೆದರೆ ಟೆರೇಸಿನ ಮೇಲೆ ಹಲಸಿನ ಹಪ್ಪಳ, ಸಂಡಿಗೆ, ಪುನರ್ಪುಳಿ ಸಿಪ್ಪೆ, ಎಲ್ಲ ಒಟ್ಟಿಗೆ ಒಣಗುತ್ತಿರುತ್ತವೆ. ನಾಲ್ಕು ಗಂಟೆಗೆ ಮೂಡು ಕಪ್ಪಾಗುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಟೆರೇಸಿಗೆ ಓಡುವುದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವ ಮೊದಲೇ ಗುಡುಗಿದರೆ ಹಪ್ಪಳ ಒದ್ದೆಯಾಗಲಿ, ನೀವು ಹೋಗಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಫೋನಿನಲ್ಲಿದ್ದರೆ ಹತ್ತಿರದ ಸಿಡಿಲಿನ ಸೂಚನೆ ಸಿಗುತ್ತದೆ. ಅದು ಹೇಳುವಾಗಲೇ ಹಪ್ಪಳದ ಚಾಪೆ ಮಡಚಿ.

ಕಂಪ್ಯೂಟರಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಅಷ್ಟು ದೂರದಿಂದ ಗಾಳಿಯಲ್ಲಿ ಹಾರಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೂದಲಷ್ಟು ಸಂದು ಯಾವ ಲೆಕ್ಕ? ಪ್ಲಗ್ ಎಳೆದು ನೆಲದ ಮೇಲಿಡಿ. ಆಮೇಲೆ ಹೆಚ್ಚಿನವರು ಮರೆಯುವ ಇನ್ನೊಂದು ತಂತಿ, ಇಂಟರ್‌ನೆಟ್ಟಿನದು. ತಾಮ್ರದ ತಂತಿಯಾದರೆ ಸಿಡಿಲು ಅದರಲ್ಲೇ ಬರುತ್ತದೆ. ಗಾಜಿನ ಫೈಬರ್ ಆದರೆ ತಂತಿಯಲ್ಲಿ ಬರುವುದಿಲ್ಲ, ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯಲ್ಲಿರುತ್ತದಲ್ಲ, ಅದನ್ನೂ ತೆಗೆಯಿರಿ. ಇದನ್ನೆಲ್ಲ ಗುಡುಗು ದೂರ ಇರುವಾಗಲೇ ಮಾಡಬೇಕು. ತಲೆಯ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಬೇಡಿ. ಒಂದು ಮೇ ತಿಂಗಳಲ್ಲಿ ನಾನು ಕಂಪ್ಯೂಟರಿನ ಪ್ಲಗ್ ತೆಗೆದು, ನೆಟ್ ಕೇಬಲ್ ಬಿಟ್ಟು, ಹಾಯಾಗಿ ಚಹಾ ಕುಡಿಯುತ್ತಿದ್ದೆ. ಮೋಡೆಮ್ಮೂ ಹೋಯಿತು, ಕಂಪ್ಯೂಟರಿನ ನೆಟ್‌ವರ್ಕ್ ಕಿಂಡಿಯೂ ಹೋಯಿತು.

ಪತ್ತನಾಜೆಯ ವಾರ

ಮೇ 24ರ ಆಸುಪಾಸಿಗೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಾವು ಮಳೆಗೆ ಸಿದ್ಧರಾಗಬೇಕು. ಮಂಗಳೂರು ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಅಡಿಗೆ ತೂಗುಹಾಕಿ, ಒಂದಕ್ಕೊಂದು ತಾಗದ ಹಾಗೆ. ಮಲ್ಲಿಗೆ ಚಟ್ಟಿಯ ತಳದ ತೂತಿಗೆ ಕಡ್ಡಿ ಹಾಕಿ ಬಿಡಿಸಿ, ನೀರು ನಿಂತರೆ ಬೇರು ಕೊಳೆಯುತ್ತದೆ.

ಫೋಟೋ, ಪಿಂಚಣಿ ಕಾಗದಗಳನ್ನು ಹೊರಗಿನ ಹಾರ್ಡ್ ಡ್ರೈವಿಗೆ ಕಾಪಿ ಮಾಡಿ, ಇನ್ನೊಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ಕಾಪಿ ಆಯಿತು ಅಂತ ಬಿಡಬೇಡಿ, ನಾಲ್ಕು ಫೋಟೋ ತೆರೆದು ನೋಡಿ. ಡ್ರೈವನ್ನು ಕಪಾಟಿನಲ್ಲಿ ಹಾಗೇ ಇಟ್ಟರೆ ನಮ್ಮ ಜುಲೈ ತಿಂಗಳ ಹಸಿಗೆ ಬೂಸ್ಟು ಹಿಡಿಯುತ್ತದೆ. ನನ್ನ ಹಳೆಯ ಸಿಡಿಗಳೆಲ್ಲ ಹಾಗೆಯೇ ಹೋದವು. ಗಟ್ಟಿ ಮುಚ್ಚಳದ ಡಬ್ಬಿಯೊಳಗೆ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾಲ್ಕೈದು ಸೇರಿಸಿ ಇಡಿ. ನಮ್ಮ ಮನೆಯಲ್ಲಿ ಅದೇ ಡಬ್ಬಿಗೆ ಅಲಸಂಡೆ ಬೀಜದ ಕಾಗದದ ಪೊಟ್ಟಣವೂ ಸೇರುತ್ತದೆ. ಬೀಜಕ್ಕೂ ಅದೇ ಒಣ ಗಾಳಿ ಬೇಕು.

ಡಬ್ಬಿಯ ಮೇಲೆ ತಾರೀಕು ಬರೆಯಿರಿ. ಜೂನ್ ನಂತರ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಆನ್ ಮಾಡಿಡಿ, ಒಳಗಿನ ತೇವ ಅದರದೇ ಬಿಸಿಗೆ ಆರುತ್ತದೆ. ಗುಡುಗು ಇಲ್ಲದ ಹೊತ್ತು ನೋಡಿಕೊಳ್ಳಿ.